ನೀರಿನ ಬೋಗುಣಿಯಲ್ಲಿ ಕಂಡವನು ಯಾರು?

ದೇಹವು ನಶ್ವರವೆಂಬ ಮಾತು ನಮ್ಮ ಜನರ ನಾಲಿಗೆಯ ಮೇಲೆ ಸದಾ ಸಿದ್ಧವಾಗಿರುವುದು. ಭಜನೆಯಲ್ಲಿ ಅದುಂಟು, ತಾಳಮದ್ದಳೆಯ ಅರ್ಥದಲ್ಲಿ ಅದುಂಟು, ಗಲ್ಲೆಯ ಹಿಂದೆ ಕುಳಿತವರ ಉಪದೇಶದಲ್ಲಿಯೂ ಉಂಟು. ಆದರೆ ಉಪನಿಷತ್ಕಾಲದ ಹಿರಿಯರು ಈ ಮಾತನ್ನು ಅಷ್ಟು ಸುಲಭವಾಗಿ ಆಡಿದವರಲ್ಲ. ಸಾಮವೇದಕ್ಕೆ ಸೇರಿದ ಛಾಂದೋಗ್ಯೋಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ಇಂದ್ರ ವಿರೋಚನರ ಕಥೆಯೊಂದಿದೆ. ಹೋಟೆಲಿನಲ್ಲಿ ದುಡಿಯುವವನಿಗೂ ಕಚೇರಿಯ ಗುಮಾಸ್ತನಿಗೂ ಅದು ಪಂಡಿತರಿಗಿಂತ ಬೇಗನೆ ಅರ್ಥವಾದೀತೆಂದು ನನ್ನ ನಂಬಿಕೆ.

ಮುಪ್ಪು, ಮರಣ, ಶೋಕ, ಹಸಿವು, ಬಾಯಾರಿಕೆ ಇವೊಂದೂ ತಟ್ಟದ ಆತ್ಮವೊಂದುಂಟು, ಅದನ್ನು ಅರಿತವನು ಸಕಲ ಲೋಕಗಳನ್ನೂ ಪಡೆಯುವನು ಎಂದು ಪ್ರಜಾಪತಿಯು ಸಾರಿದನು. ಅದು ದೇವತೆಗಳ ಕಿವಿಗೂ ಬಿತ್ತು, ಅಸುರರ ಕಿವಿಗೂ ಬಿತ್ತು. ಆ ಕಡೆಯಿಂದ ಇಂದ್ರನೂ ಈ ಕಡೆಯಿಂದ ವಿರೋಚನನೂ ಹೊರಟರು. (ಈ ವಿರೋಚನನು ಪ್ರಹ್ಲಾದನ ಮಗ, ದೀಪಾವಳಿಯಲ್ಲಿ ತುಳುನಾಡಿನ ಗದ್ದೆಗಳಲ್ಲಿ ನಾವು ಕೂಗಿ ಕರೆಯುವ ಬಲೀಂದ್ರನ ತಂದೆ.) ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಕೈಯಲ್ಲಿ ಸಮಿತ್ತು ಹಿಡಿದು ಬಂದ ಅವರು 32 ವರ್ಷ ಬ್ರಹ್ಮಚರ್ಯದಿಂದ ಗುರುವಿನ ಬಳಿ ಇದ್ದರು.

ಆಮೇಲೆ ಪ್ರಜಾಪತಿಯು ಅವರಿಗೆ ನೀರು ತುಂಬಿದ ಬೋಗುಣಿಯಲ್ಲಿ ಇಣಿಕಿ ನೋಡಿರೆಂದನು. ಕೂದಲು ಉಗುರುಗಳವರೆಗೆ ತಮ್ಮ ರೂಪವೇ ಕಂಡಿತು. ಒಳ್ಳೆಯ ಬಟ್ಟೆ ಒಡವೆಗಳನ್ನು ತೊಟ್ಟು ಮತ್ತೆ ನೋಡಿರೆಂದನು. ಸಿಂಗರಿಸಿಕೊಂಡ ರೂಪವೇ ಕಂಡಿತು. ಅದೇ ಆತ್ಮವೆಂದು ಗುರು ಹೇಳಿದ ಕೂಡಲೆ ಇಬ್ಬರೂ ತೃಪ್ತರಾಗಿ ಹೊರಟುಬಿಟ್ಟರು. ಗುರುವು ಹೀಗೆ ಅರೆಬರೆ ಹೇಳಿ ಕಳುಹಿಸಬಹುದೆ ಎಂದು ವಾಚಕರು ಕೇಳಬಹುದು. ಶಿಷ್ಯನು ತಾನಾಗಿ ಸಂಶಯಪಡುವನೋ ಇಲ್ಲವೋ ಎಂದು ನೋಡುವುದಕ್ಕೇ ಹಾಗೆ ಮಾಡಿದನೆಂದು ನಾನು ತಿಳಿದಿದ್ದೇನೆ.

ವಿರೋಚನನಿಗೆ ಸಂಶಯವೇ ಹುಟ್ಟಲಿಲ್ಲ. ದೇಹವೇ ಆತ್ಮ, ಅದನ್ನೇ ಪೂಜಿಸಿರಿ, ಅದಕ್ಕೇ ಸೇವೆ ಮಾಡಿರಿ ಎಂದು ಅಸುರರಿಗೆ ಬೋಧಿಸಿದನು. ಇಂದ್ರನಿಗೋ ದಾರಿಯಲ್ಲೇ ಅಂಜಿಕೆಯಾಯಿತು. ದೇಹ ಸಿಂಗರಿಸಿಕೊಂಡರೆ ಈ ಆತ್ಮವೂ ಸಿಂಗರಿಸಿಕೊಳ್ಳುವುದಾದರೆ, ದೇಹ ಕುರುಡಾದರೆ ಇದೂ ಕುರುಡು, ಕುಂಟಾದರೆ ಇದೂ ಕುಂಟು, ದೇಹ ಬಿದ್ದುಹೋದರೆ ಇದೂ ಹೋಯಿತು! ಇದರಲ್ಲಿ ನನಗೇನು ಲಾಭ? ದೇವರಾಜನು ಮತ್ತೆ ಸಮಿತ್ತು ಹಿಡಿದು ಹಿಂದಿರುಗಿದನು. ಮತ್ತೆ 32 ವರ್ಷ.

ಈ ಸಾರಿ ಗುರುವು ಕನಸಿನಲ್ಲಿ ಸಂಚರಿಸುವವನೇ ಆತ್ಮವೆಂದನು. ಕುರುಡನೂ ಕನಸಿನಲ್ಲಿ ನೋಡಬಲ್ಲನಷ್ಟೆ. ಆದರೆ ಕನಸಿನಲ್ಲಿಯೂ ಯಾರೋ ಅಟ್ಟಿಸಿಕೊಂಡು ಬಂದಂತಾಗುವುದು, ಅತ್ತಂತಾಗುವುದು. ಇಂದ್ರನು ಅದನ್ನೂ ಒಪ್ಪಲಿಲ್ಲ. ಇನ್ನೂ 32 ವರ್ಷ ಕಳೆದ ಮೇಲೆ, ಕನಸೂ ಇಲ್ಲದ ಗಾಢನಿದ್ರೆಯಲ್ಲಿ ಇರುವವನೇ ಆತ್ಮವೆಂದು ಉತ್ತರ ದೊರೆಯಿತು. ಮುಂಜಾವದಲ್ಲಿ ಎದ್ದು, ನಡುರಾತ್ರಿ ಬೆಂಚುಗಳನ್ನು ಜೋಡಿಸಿ ಒರಗಿದ ಮಾಣಿಗೆ ಈ ಸುಖವನ್ನು ಯಾರೂ ವಿವರಿಸಬೇಕಾಗಿಲ್ಲ. ಅಲ್ಲಿ ಧಣಿಯಿಲ್ಲ, ಗಿರಾಕಿಯಿಲ್ಲ, ಊರಿಗೆ ಕಳುಹಿಸಬೇಕಾದ ಹಣದ ಚಿಂತೆಯಿಲ್ಲ. ಇಂದ್ರನ ಜಾಗದಲ್ಲಿ ನಾವಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದೆವು. ಆತನು ನಿಲ್ಲಲಿಲ್ಲ. ಆ ನಿದ್ರೆಯಲ್ಲಿ ನಾನೆಂಬ ಅರಿವೂ ಇರುವುದಿಲ್ಲ, ಅದು ನಾಶವಾದಂತೆಯೇ ಅಲ್ಲವೆ, ಎಂದು ಮತ್ತೆ ಬಂದನು. ಐದು ವರ್ಷ ಹೆಚ್ಚಾಗಿ ಇರಿಸಿಕೊಂಡು, ಒಟ್ಟು 101 ವರ್ಷಗಳಾದ ಮೇಲೆ ಪ್ರಜಾಪತಿಯು ಕಡೆಯ ಉಪದೇಶ ಮಾಡಿದನು.

ಆ ಉಪದೇಶವನ್ನು ಗಮನಿಸಬೇಕು. ಈ ಶರೀರವು ಮರ್ತ್ಯ, ಮೃತ್ಯುವಿನ ಹಿಡಿತದಲ್ಲಿರುವುದು ಎಂದು ಹೇಳಿ ಪ್ರಜಾಪತಿಯು ಸುಮ್ಮನಾಗಲಿಲ್ಲ. ಅಮೃತವೂ ಅಶರೀರವೂ ಆದ ಆತ್ಮಕ್ಕೆ ಇದೇ ಶರೀರವು ಅಧಿಷ್ಠಾನ, ಎಂದರೆ ನೆಲೆ, ಎಂದನು. ಬಂಡಿಗೆ ಪಶುವನ್ನು ಹೂಡಿದಂತೆ ಪ್ರಾಣವು ಈ ದೇಹಕ್ಕೆ ಹೂಡಲ್ಪಟ್ಟಿದೆ. ಕಣ್ಣು ನೋಡುವುದಕ್ಕೆ ಸಾಧನ. ನೋಡಬೇಕೆಂದು ಅರಿಯುವವನು ಬೇರೆ. ಬಂಡಿಯನ್ನೇ ತಾನೆಂದುಕೊಳ್ಳುವುದು ಮೂಢತನ, ನಿಜ. ಬಂಡಿಯನ್ನು ಮುರಿದುಹಾಕೆಂದು ಮಾತ್ರ ಯಾವ ಗುರುವೂ ಹೇಳಿದ್ದಿಲ್ಲ. ಆ ಆತ್ಮವು ಪರಬ್ರಹ್ಮವೇ ಎಂದು ಶಂಕರರು ಹೇಳಿದರು; ಜೀವನು ಎಂದೆಂದಿಗೂ ಹರಿಯಿಂದ ಭಿನ್ನನೆಂದು ಉಡುಪಿಯ ಮಧ್ವಾಚಾರ್ಯರು ಸಾಧಿಸಿದರು. ಆ ವಾದವು ದೊಡ್ಡದು, ನನ್ನ ಎಸ್.ಎಸ್.ಎಲ್.ಸಿ. ವಿದ್ಯೆಗೆ ನಿಲುಕುವುದಲ್ಲ. ದೇಹವು ಆತ್ಮವಲ್ಲವೆಂಬುದರಲ್ಲಿ ಇಬ್ಬರೂ ಒಂದೇ.

ಹೋಟೆಲು ನಡೆಸಿ ಬಂದವನಾದುದರಿಂದ ಒಂದು ಮಾತು ಹೇಳಲೇಬೇಕಾಗಿದೆ. ಕಾವಲಿಯ ಮುಂದೆ ನಿಂತು ನಿಂತು ಕಾಲಿನ ನರ ಉಬ್ಬಿದವನಿಗೆ, ಕೆಮ್ಮು ಬಿಡದೆ ಕಾಡುವವನಿಗೆ, ದೇಹ ನಶ್ವರವಪ್ಪಾ ಎಂದು ಸಮಾಧಾನ ಹೇಳಿದ ಧಣಿಗಳನ್ನು ನಾನು ಕಂಡಿದ್ದೇನೆ. ಅದೇ ಧಣಿಗೆ ಹಲ್ಲುನೋವು ಬಂದರೆ ಅದೇ ಸಂಜೆ ಡಾಕ್ಟರು! ಪ್ರಜಾಪತಿಯು ಅನಿತ್ಯತೆಯನ್ನು ಬೋಧಿಸಿದ್ದು ತನ್ನ ಸ್ವರೂಪವನ್ನು ಅರಿಯಲು ಬಂದವನಿಗೆ, ಇನ್ನೊಬ್ಬನ ಮೈಯನ್ನು ದುಡಿಸಿಕೊಳ್ಳಲು ಬಂದವನಿಗಲ್ಲ. ಅಸುರರ ಪದ್ಧತಿಯನ್ನು ಹೇಳುವಾಗ ಉಪನಿಷತ್ತು ಇಂಥ ಗುರುತುಗಳನ್ನು ಕೊಡುತ್ತದೆ: ಬದುಕಿರುವಾಗ ಕೊಡುವ ಕೈಯಿಲ್ಲ, ಸತ್ತವನ ಶರೀರಕ್ಕೆ ಮಾತ್ರ ಬಟ್ಟೆ, ಒಡವೆಗಳ ಅಲಂಕಾರ. ಬದುಕಿದ್ದಾಗ ಎರಡು ದಿನದ ರಜೆ ಸಿಗದವನ ಹೆಣದ ಮೇಲೆ ದೊಡ್ಡ ಹೂಮಾಲೆ ಬಿದ್ದುದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ಆ ಹಣದಲ್ಲಿ ಔಷಧ ಬರುತ್ತಿತ್ತು.

ಕಥೆಯನ್ನು ಪೂರ್ಣವಾಗಿ ಓದಬಯಸುವವರು ಛಾಂದೋಗ್ಯದ ಎಂಟನೆಯ ಅಧ್ಯಾಯದ ಏಳರಿಂದ ಹನ್ನೆರಡರವರೆಗಿನ ಖಂಡಗಳನ್ನು ನೋಡಬೇಕು. ಅವು ಆರೇ ಆರು, ಚಿಕ್ಕವು. ಊಟದ ಗಿರಾಕಿಗಳು ಹೋದ ಮೇಲೆ, ಸಂಜೆಯ ಚಹಕ್ಕೆ ನೀರಿಡುವ ಮೊದಲು, ಒಬ್ಬನು ಗಟ್ಟಿಯಾಗಿ ಓದಿದರೆ ಉಳಿದವರು ಕೇಳಬಹುದು.