ಬಂಡಿಯ ಹೇರು, ವಿಮಾನದ ಹೇರು

ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯ ಕಡೆ ತೊಗರಿಯ ಚೀಲಗಳನ್ನು ಬಂಡಿಗೆ ಹೇರುವುದನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಅಚ್ಚಿನ ಹಿಂದೆ ಹೆಚ್ಚು ಚೀಲಗಳನ್ನು ಒಟ್ಟಿದರೆ ನೊಗವು ಮೇಲಕ್ಕೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಒಟ್ಟಿದರೆ ಭಾರವೆಲ್ಲ ಅವುಗಳ ಹೆಗಲಿಗೆ ಬೀಳುತ್ತದೆ. ಬಂಡಿಯವನು ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಒಂದೆರಡು ಚೀಲಗಳನ್ನು ಅತ್ತಿತ್ತ ಸರಿಸಿ ಹೊರಡುತ್ತಾನೆ. ವಿಮಾನ ಚಾಲಕನಿಗೆ ಈ ಸೌಕರ್ಯವಿಲ್ಲ. ತಪ್ಪು ಅರಿವಿಗೆ ಬರುವ ವೇಳೆಗೆ ಅವನು ನೆಲವನ್ನು ಬಿಟ್ಟಿರುತ್ತಾನೆ. ಆದುದರಿಂದ ಅವನು ಕಾಗದದ ಮೇಲೆಯೇ ಮೂಕಿಯನ್ನು ಎತ್ತಿ ನೋಡಬೇಕು.

ಲೆಕ್ಕವೇನೂ ಕಠಿಣವಲ್ಲ, ಶಾಲೆಯಲ್ಲಿ ಕಲಿತ ಸನ್ನೆಯ ನಿಯಮವೇ ಸಾಕು. ವಿಮಾನದ ಮುಂಭಾಗದಲ್ಲಿ ಒಂದು ಗೆರೆಯನ್ನು ಗೊತ್ತುಮಾಡಿಕೊಂಡು, ಪ್ರತಿಯೊಂದು ಭಾರವನ್ನೂ ಆ ಗೆರೆಯಿಂದ ಅದಕ್ಕಿರುವ ದೂರದಿಂದ ಗುಣಿಸಬೇಕು. ಗುಣಲಬ್ಧಗಳ ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವಕೇಂದ್ರದ ಸ್ಥಾನ ದೊರೆಯುತ್ತದೆ.

ಪೆನ್ಸಿಲನ್ನು ಕೈಗೆತ್ತಿಕೊಳ್ಳಿ. ನಾಲ್ಕು ಆಸನಗಳ ಒಂದು ವಿಮಾನವಿದೆಯೆನ್ನೋಣ. ಅನುಕೂಲಕ್ಕಾಗಿ ದುಂಡು ಸಂಖ್ಯೆಗಳನ್ನೇ ಹಿಡಿಯೋಣ. ಬರಿಯ ವಿಮಾನ 650 ಕಿಲೋಗ್ರಾಂ, ದೂರ 1 ಮೀಟರು. ಚಾಲಕ ಮತ್ತು ಅವನ ಪಕ್ಕದ ಗೆಳೆಯ ಸೇರಿ 140, ದೂರ 0.95. ಇಂಧನ 100, ದೂರ 1.2. ಹಿಂದಿನ ಆಸನದಲ್ಲಿ ಔಷಧಿಯ ಪೆಟ್ಟಿಗೆಗಳು 80, ದೂರ 1.85. ಅದರ ಹಿಂದೆ ಸಾಮಾನು 50, ದೂರ 2.4. ಒಟ್ಟು ತೂಕ 1020. ಗುಣಲಬ್ಧಗಳ ಮೊತ್ತ 1171. ಗುರುತ್ವಕೇಂದ್ರವು ಸುಮಾರು 1.15 ಮೀಟರಿನಲ್ಲಿದೆ. ಹಿಂದಿನ ಮಿತಿ 1.20 ಆಗಿದ್ದರೆ ಹಾರಬಹುದು.

ಈಗ, ಪೆಟ್ಟಿಗೆಗಳು ಅಲುಗದಂತೆ ಹಿಡಿದುಕೊಳ್ಳುವೆನೆಂದು 70 ಕಿಲೋಗ್ರಾಂ ತೂಗುವ ಆ ಗೆಳೆಯನು ಹಿಂದಿನ ಆಸನಕ್ಕೆ ಹೋಗಿ ಕುಳಿತನೆನ್ನಿ. ಅವನು 0.9 ಮೀಟರು ಹಿಂದೆ ಸರಿದನು. ಮೊತ್ತಕ್ಕೆ 63 ಕೂಡಿ 1234 ಆಯಿತು. ಗುರುತ್ವಕೇಂದ್ರವು 1.21ಕ್ಕೆ ಹೋಯಿತು. ತೂಕ ಒಂದು ಗ್ರಾಮಿನಷ್ಟೂ ಹೆಚ್ಚಲಿಲ್ಲ. ಆದರೂ ಈ ವಿಮಾನ ನೆಲ ಬಿಡಕೂಡದು!

ಅಷ್ಟು ಅಲ್ಪ ದೂರಕ್ಕೆ ಇಷ್ಟು ಭಯವೇಕೆ? ಹೇರು ಹಿಂದಾದರೆ ಮೂಗು ಮೇಲೇರಲು ಹವಣಿಸುತ್ತದೆ. ವೇಗ ಕುಗ್ಗಿ ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡಾಗ, ಮೂಗನ್ನು ಇಳಿಸಿ ಮರಳಿ ವೇಗ ಪಡೆಯುವುದು ಬಾಲಕ್ಕೆ ಸಾಧ್ಯವಾಗದೆ ಹೋಗಬಹುದು. ಹೇರು ತೀರ ಮುಂದಾದರೆ ಇಳಿಯುವಾಗ ಮೂಗು ಏಳುವುದಿಲ್ಲ. ಅದೂ ಕೇಡೇ, ಆದರೆ ಹಿಂಭಾರದಷ್ಟು ಕಪಟಿಯಲ್ಲ.

ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ತರಬೇತಿ ವಿಮಾನದಲ್ಲಿ ಆಸನಗಳು ಒಂದರ ಹಿಂದೊಂದು ಇದ್ದವು. ಇಂಥ ವಿಮಾನಗಳಲ್ಲಿ ಒಬ್ಬನೇ ಹಾರುವಾಗ ಯಾವ ಆಸನದಲ್ಲಿ ಕೂಡಬೇಕೆಂಬುದಕ್ಕೂ ಸಮತೋಲದ ಲೆಕ್ಕವೇ ಆಧಾರ. ಬೆಂಗಳೂರಿನದೇ ಆದ ಹಂಸ ವಿಮಾನದಲ್ಲಿ ಇಬ್ಬರೂ ಅಕ್ಕಪಕ್ಕ ಕೂಡುವುದರಿಂದ ಆ ತೊಡಕಿಲ್ಲ.

ಸೂತ್ರ ಸರಿಯಿದ್ದರೂ ತೂಕವೇ ಸುಳ್ಳಾದರೆ? 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್ ನಗರದಿಂದ ಮೇಲೆದ್ದ ಒಂದು ಬೀಚ್‌ಕ್ರಾಫ್ಟ್ 1900 ವಿಮಾನವು ಒಂದು ನಿಮಿಷದೊಳಗೆ ಕೆಳಗುರುಳಿ, ಅದರಲ್ಲಿದ್ದ 21 ಮಂದಿಯೂ ಮಡಿದರು. ಬಾಲದ ಪಟ್ಟಿಯನ್ನು ಅಲುಗಿಸುವ ತಂತಿಯನ್ನು ದುರಸ್ತಿಯ ವೇಳೆ ತಪ್ಪಾಗಿ ಹೊಂದಿಸಿದ್ದರು. ಅದರ ಮೇಲೆ ಹಿಂಭಾರವೂ ಸೇರಿತ್ತು. ಚಾಲಕರು ನಿಯಮದಂತೆಯೇ ಲೆಕ್ಕ ಹಾಕಿದ್ದರು; ಆದರೆ ನಿಯಮವು ಪ್ರಯಾಣಿಕನೊಬ್ಬನಿಗೆ ಇಷ್ಟೆಂದು ಗೊತ್ತುಮಾಡಿದ್ದ ಸರಾಸರಿ ತೂಕವು ನಿಜವಾದುದಕ್ಕಿಂತ ಕಡಿಮೆಯಾಗಿತ್ತು. ಆ ಬಳಿಕ ಅಮೆರಿಕದಲ್ಲಿ ಪ್ರಯಾಣಿಕರನ್ನು ತೂಗಿ ನೋಡಿ, ಪಟ್ಟಿಯಲ್ಲಿನ ಅಂಕಿಗಳನ್ನು ಏರಿಸಿದರು.