ನೊಂದ ಮನಸ್ಸು ಕದ ತೆರೆದಾಗ

ಪೆಟ್ಟು ತಿಂದ ಮನಸ್ಸು ಮೊದಲು ಮಾಡುವ ಕೆಲಸ ಕದ ಮುಚ್ಚಿಕೊಳ್ಳುವುದು. ಆಗ ದೇವರೂ ಬೇಡ, ಹಿರಿಯರ ಬುದ್ಧಿವಾದವೂ ಬೇಡ. ಅಂಥ ಮನಸ್ಸು ಮತ್ತೆ ಹೇಗೆ ತೆರೆದೀತು? ಪಂಡಿತಾ ರಮಾಬಾಯಿಯವರ ಬದುಕನ್ನು ನೋಡಿ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡವರು. ಆ ತಾಯಿಯೇ ಮಗಳಿಗೆ ಗುರು. ಊರೂರು ತಿರುಗಿ ಪುರಾಣ ಹೇಳುತ್ತಿದ್ದ ಈ ಕುಟುಂಬ ಬರಗಾಲಕ್ಕೆ ಸಿಕ್ಕಿತು. 1874ರಲ್ಲಿ ಕೆಲವೇ ತಿಂಗಳೊಳಗೆ ತಂದೆ, ತಾಯಿ, ಅಕ್ಕ ಮೂವರೂ ಹೋದರು. ವ್ರತ, ತೀರ್ಥಯಾತ್ರೆ ಯಾವುದೂ ಕೈ ಹಿಡಿಯಲಿಲ್ಲವಲ್ಲ ಎಂದು ಆಕೆಯ ನಂಬಿಕೆ ಅಲುಗಾಡಿತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆಯಾಯಿತು. 1882ರಲ್ಲಿ ಅವರೂ ಕಾಲರಾಕ್ಕೆ ಬಲಿಯಾದರು. ಮಡಿಲಲ್ಲಿ ವರ್ಷ ತುಂಬದ ಮಗಳು ಮನೋರಮಾ.

ಗಂಡನ ಮನೆಯಲ್ಲಿದ್ದಾಗಲೇ ಲೂಕನ ಸುವಾರ್ತೆಯ ಬಂಗಾಳಿ ಪುಸ್ತಕವೊಂದು ಆಕೆಗೆ ಸಿಕ್ಕಿತ್ತು. ಓದಿ ಮೆಚ್ಚಿದರೂ ಮನಸ್ಸು ಪೂರ್ತಿ ಒಲಿಯಲಿಲ್ಲ. 1883ರಲ್ಲಿ ಓದಿಗಾಗಿ ಇಂಗ್ಲೆಂಡಿಗೆ ಹೋದಾಗ, ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಒಂದು ಆಶ್ರಯಧಾಮವನ್ನು ಕಂಡರು. ಸಮಾಜ 'ಕೆಟ್ಟವರು' ಎಂದು ದೂರವಿಟ್ಟ ಹೆಂಗಸರನ್ನು ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು. ಏಕೆ ಹೀಗೆ ಎಂದು ಕೇಳಿದರು. ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸನ್ನು ಮಾತಾಡಿಸಿದ ಕಥೆಯೇ ಉತ್ತರವಾಗಿ ಬಂತು. ನೊಂದವಳನ್ನು ಜರೆಯದೆ ಮಾತಾಡಿಸುವ ಆ ಕರುಣೆ ಆಕೆಯ ಮನಸ್ಸನ್ನು ಗೆದ್ದಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ತಾಯಿ, ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಹಾಗೆಂದು ಪ್ರಶ್ನೆ ಕೇಳುವುದನ್ನು ಬಿಟ್ಟರೆ? ಇಲ್ಲ. ಚರ್ಚಿನ ಹಿರಿಯರೊಡನೆ ಪತ್ರಗಳಲ್ಲೇ ವಾದಿಸಿದರು. ಮನಸ್ಸಿಗೆ ನಿಜವಾದ ಶಾಂತಿ ದೊರೆತದ್ದು ಇನ್ನೂ ಎಂಟು ವರ್ಷದ ಮೇಲೆ ಎಂದು ಅವರೇ ಬರೆದುಕೊಂಡಿದ್ದಾರೆ. ಹಸಿವಿನಿಂದ ಹೆತ್ತವರನ್ನು ಕಳೆದುಕೊಂಡ ಅದೇ ರಮಾಬಾಯಿ, 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯದ ನೂರಾರು ಹೆಣ್ಣುಮಕ್ಕಳನ್ನು ಪುಣೆ ಬಳಿಯ ಕೇಡಗಾಂವ್‌ಗೆ ಕರೆತಂದು ಅನ್ನ, ಅಕ್ಷರ ಎರಡನ್ನೂ ಕೊಟ್ಟರು.

ಯಾರಿಗೆ ಯಾವ ನಂಬಿಕೆ ಎಂಬುದು ಅವರವರಿಗೆ ಬಿಟ್ಟದ್ದು. ಆದರೆ ಮಕ್ಕಳು ನೊಂದು ಮೂಲೆ ಹಿಡಿದಾಗ 'ದೇವರನ್ನು ನೆನೆ, ಎಲ್ಲ ಸರಿಹೋಗುತ್ತೆ' ಎಂದು ಅವಸರ ಮಾಡುವ ತಂದೆತಾಯಂದಿರು ಒಂದು ಮಾತು ಗಮನಿಸಬೇಕು. ರಮಾಬಾಯಿಯವರಿಗೆ ಮೊದಲು ಬೇಕಾಗಿದ್ದದ್ದು ಕಣ್ಣಿಗೆ ಕಾಣುವ ಕರುಣೆ; ಆಮೇಲೆ, ಸಾಕಷ್ಟು ಕಾಲ. ನಿಮ್ಮ ಮನೆಯ ಮಗುವಿಗೂ ಅವೆರಡನ್ನು ಕೊಡಿ.