'ಅಲ್ಲಾಹ್' ಎಂಬುದು ಹೆಸರೋ, ಬಿರುದೋ? ಪುಣೆಯ 'ಲಾಲ್ ದೇವಲ್' ಕೊಡುವ ಸುಳಿವು

ಪುಣೆ ಕ್ಯಾಂಪ್‌ನಲ್ಲಿ ಕೆಂಪು ಇಟ್ಟಿಗೆಯ ಯಹೂದಿ ಮಂದಿರವೊಂದಿದೆ. ಹೆಸರು ಓಹೆಲ್ ಡೇವಿಡ್, ಜನರ ಬಾಯಲ್ಲಿ 'ಲಾಲ್ ದೇವಲ್'. ಇದನ್ನು ಕಟ್ಟಿಸಿದ ಡೇವಿಡ್ ಸಸೂನ್ ಬಾಗ್ದಾದ್‌ನಿಂದ ಬಂದವರು, 1864ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಸಸೂನ್ ಆಸ್ಪತ್ರೆಗೂ ಅವರದೇ ಹೆಸರು.

ಬಾಗ್ದಾದಿ ಯಹೂದಿಗಳ ಮನೆಮಾತು ಅರೇಬಿಕ್. ಆ ಭಾಷೆಯಾಡುವ ಯಹೂದಿಗಳಿಗೂ ಕ್ರೈಸ್ತರಿಗೂ ದೇವರೆಂದರೆ 'ಅಲ್ಲಾಹ್'. 10ನೇ ಶತಮಾನದಲ್ಲಿ ಯಹೂದಿ ವಿದ್ವಾಂಸ ಸಾದಿಯಾ ಗಾವೊನ್ ಹೀಬ್ರೂ ಧರ್ಮಗ್ರಂಥವನ್ನು ಅರೇಬಿಕ್‌ಗೆ ತಂದಾಗ ಬಳಸಿದ್ದೂ ಇದೇ ಪದ.

ಹಾಗಾದರೆ ಇದು ಬರೀ ಬಿರುದೇ? ಅರೇಬಿಕ್‌ನಲ್ಲಿ 'ಇಲಾಹ್' ಎಂದರೆ ದೇವರು. 'ಅಲ್-ಇಲಾಹ್', ಅಂದರೆ 'ಆ ದೇವರು' ಎಂಬುದೇ ಸವೆದು 'ಅಲ್ಲಾಹ್' ಆಯಿತು ಎನ್ನುತ್ತಾರೆ ಹೆಚ್ಚಿನ ಭಾಷಾತಜ್ಞರು. ಅದು ಯಾವ ಪದದಿಂದಲೂ ಹುಟ್ಟದ ಅಂಕಿತನಾಮ ಎನ್ನುವ ಮುಸ್ಲಿಂ ವಿದ್ವಾಂಸರೂ ಇದ್ದಾರೆ. ಬಳಕೆಯಲ್ಲಂತೂ ಅದು ಹೆಸರೇ. 'ಇಲಾಹ್'ಗೆ ಬಹುವಚನವಿದೆ, 'ಅಲ್ಲಾಹ್'ಗೆ ಇಲ್ಲ. ಕನ್ನಡದಲ್ಲಿ 'ಅಣ್ಣಾವ್ರು' ಎಂದರೆ ರಾಜ್‌ಕುಮಾರ್ ಒಬ್ಬರೇ ಅಲ್ಲವೇ? ಭಾಷೆಯ ಮಟ್ಟಿಗೆ ಇದೂ ಹಾಗೆಯೇ.

ಇದು ಬರೀ ವ್ಯಾಕರಣದ ಜಗಳವಲ್ಲ. ಕ್ಯಾಥೋಲಿಕ್ ಪತ್ರಿಕೆ 'ಹೆರಾಲ್ಡ್' ಈ ಪದ ಬಳಸಬಾರದೆಂಬ ನಿಷೇಧದ ವಿರುದ್ಧದ ಮೇಲ್ಮನವಿಗೆ ಮಲೇಷ್ಯಾದ ಫೆಡರಲ್ ಕೋರ್ಟ್ 2014ರಲ್ಲಿ ಅವಕಾಶ ನಿರಾಕರಿಸಿತು. 2021ರಲ್ಲಿ ಕೌಲಾಲಂಪುರ ಹೈಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಕ್ರೈಸ್ತ ಮಹಿಳೆಯೊಬ್ಬರ ಬಳಕೆಯ ಹಕ್ಕನ್ನು ಎತ್ತಿಹಿಡಿಯಿತು.